ಒಳ್ಳೇದು ಹುಟ್ಟೋದು ಯಾರೋ ಒಬ್ರು ಕೇಳಿದಾಗ: ವಿಲಿಯಂ ಜೇಮ್ಸ್‌ನ ನೀತಿ ವಿಚಾರ

ಜೀವ ಅಂತ ಒಂದೂ ಇಲ್ದಿರೋ ಜಗತ್ತನ್ನ ಕಲ್ಪಿಸ್ಕೊಳ್ಳಿ. ಬರೀ ಕಲ್ಲು, ಮಣ್ಣು, ನೀರು, ಬೆಂಕಿ. ಅಲ್ಲೊಂದು ಗುಡ್ಡ ಕುಸೀತು, ಒಂದು ಹೊಳೆ ಬತ್ತಿಹೋಯ್ತು. ಅದು ಒಳ್ಳೇದಾ ಕೆಟ್ಟದ್ದಾ? ಎರಡೂ ಅಲ್ಲ, ಆಯ್ತು ಅಷ್ಟೇ. ಈಗ ಆ ಜಗತ್ತಿಗೆ ಒಂದೇ ಒಂದು ಜೀವ ಬಂತು ಅಂದ್ಕೊಳ್ಳಿ, ಅದಕ್ಕೆ ಬಾಯಾರಿಕೆ ಆಗುತ್ತೆ, ನೋವಾಗುತ್ತೆ, ಏನೋ ಬೇಕು ಅನ್ಸುತ್ತೆ. ಆ ಕ್ಷಣದಿಂದ ಹೊಳೆ ಹರಿಯೋದು ಒಳ್ಳೇದು, ಬತ್ತೋದು ಕೆಟ್ಟದ್ದು. ಹೊಳೆ ಒಂದಿಷ್ಟೂ ಬದಲಾಗಿಲ್ಲ, ಅದು ಬೇಕು ಅನ್ನೋ ಜೀವ ಬಂತು, ಅಷ್ಟೇ ವ್ಯತ್ಯಾಸ.

1891ರಲ್ಲಿ ವಿಲಿಯಂ ಜೇಮ್ಸ್ ಅಮೆರಿಕದ ಯೇಲ್ ಯೂನಿವರ್ಸಿಟಿಯ ಫಿಲಾಸಫಿ ಕ್ಲಬ್ಬಲ್ಲಿ ಒಂದು ಉಪನ್ಯಾಸ ಕೊಟ್ಟ, ಅದರ ತಿರುಳು ಇದೇ (ಹೊಳೆ ಉದಾಹರಣೆ ನಂದು, ಖಾಲಿ ಜಗತ್ತು ಅವನದ್ದು). ಜೇಮ್ಸ್ ಅಂದ್ರೆ ಸೈಕಾಲಜಿ ಓದಿದವರಿಗೆಲ್ಲ ಗೊತ್ತು, ಅದಕ್ಕೂ ಹಿಂದಿನ ವರ್ಷ, 1890ರಲ್ಲಿ, ಎರಡು ದಪ್ಪ ಸಂಪುಟಗಳಲ್ಲಿ ಮನಃಶಾಸ್ತ್ರದ ಮೂಲತತ್ವಗಳ ಪುಸ್ತಕ ತಂದವನು. ಪಬ್ಲಿಷರ್ ಹತ್ರ 1878ರಲ್ಲಿ ಒಪ್ಪಂದ ಮಾಡ್ಕೊಂಡು, ಎರಡು ವರ್ಷ ಕೊಡಿ ಅಂದವನು ಹನ್ನೆರಡು ವರ್ಷ ತಗೊಂಡ. ಇವತ್ತು ಇಂಟರ್ನೆಟ್ಟಲ್ಲಿ ಅವನ ಹೆಸರು ಬರೋದು ಬಹುತೇಕ ಹ್ಯಾಬಿಟ್ ಬಗ್ಗೆ, ಪಾಸಿಟಿವ್ ಥಿಂಕಿಂಗ್ ಬಗ್ಗೆ, "ನಿಮ್ಮ ಮನಸ್ಸು ಬದಲಾಯಿಸಿ, ಜೀವನ ಬದಲಾಗುತ್ತೆ" ಅನ್ನೋ ಥರದ ಪೋಸ್ಟ್‌ಗಳಲ್ಲಿ. ಅದು ನನಗೆ ನಿಜಕ್ಕೂ ಬೇಜಾರಿನ ವಿಷಯ. ಯಾಕಂದ್ರೆ ಅವನ ನೀತಿಶಾಸ್ತ್ರ "ನಾನು ಹೇಗೆ ಖುಷಿಯಾಗಿರ್ಲಿ" ಅನ್ನೋ ಪ್ರಶ್ನೆಗೆ ನಿಲ್ಲೋದೇ ಇಲ್ಲ, ನನ್ನ ಖುಷಿಯಿಂದ ಯಾರು ಅಳ್ತಿದ್ದಾರೆ ಅನ್ನೋದನ್ನ ಅದು ಬಿಡದೆ ಕೇಳುತ್ತೆ.

ಎಥಿಕ್ಸ್ ಬಗ್ಗೆ ಅವನು ಪ್ರತ್ಯೇಕ ಪುಸ್ತಕ ಅಂತ ಬರೀಲಿಲ್ಲ. ಥಿಯರಿ ಅಂತ ಇರೋದು ಆ ಯೇಲ್ ಉಪನ್ಯಾಸ ಒಂದೇ, ಮಿಕ್ಕಿದ್ದು ಅಲ್ಲಲ್ಲಿ ಚೆಲ್ಲಿಹೋಗಿದೆ, ಟೀಚರ್‌ಗಳಿಗೆ ಕೊಟ್ಟ ಭಾಷಣಗಳಲ್ಲಿ, ಧಾರ್ಮಿಕ ಅನುಭವದ ಬಗ್ಗೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಕೊಟ್ಟ ಗಿಫರ್ಡ್ ಅನ್ನೋ ಹೆಸರಿನ ಉಪನ್ಯಾಸಮಾಲೆಯಲ್ಲಿ, ಪೇಪರ್‌ಗೆ ಬರೆದ ಪತ್ರಗಳಲ್ಲಿ. ಎಲ್ಲ ಒಟ್ಟಿಗೆ ಇಟ್ಕೊಂಡು ಓದಿದ್ರೆ ಮಾತ್ರ ಆ ಮನುಷ್ಯ ಏನು ಹೇಳ್ತಿದ್ದ ಅಂತ ಕಾಣೋದು.

ಮತ್ತೆ ಆ ಜಗತ್ತಿಗೆ ಬರೋಣ. ಒಂದೇ ಜೀವ ಇದ್ದಾಗ ಜಗಳ ಏನಿಲ್ಲ, ಅದಕ್ಕೆ ಬೇಕಾಗಿದ್ದೇ ಒಳ್ಳೇದು. ಎರಡನೇ ಜೀವ ಬಂದ ತಕ್ಷಣ ಸಮಸ್ಯೆ ಶುರು. ಇವನಿಗೆ ಬೇಕಾಗಿದ್ದು ಅವನಿಗೆ ಬೇಡ. ಇಬ್ಬರಲ್ಲಿ ಯಾರದ್ದು ಸರಿ ಅಂತ ಹೇಳೋದಕ್ಕೆ ಮೇಲೆ ಆಕಾಶದಲ್ಲಿ ಯಾವುದೋ ಕಾನೂನು ಪುಸ್ತಕ ತೂಗಾಡ್ತಾ ಇದೆಯಾ? ಇಲ್ಲ ಅಂತಾನೆ ಜೇಮ್ಸ್. ಕರ್ತವ್ಯ ಅನ್ನೋದು ಎಲ್ಲೋ ಗಾಳಿಯಲ್ಲಿ ಇರೋ ವಸ್ತು ಅಲ್ಲ, ನಿಜವಾದ ಒಬ್ಬ ವ್ಯಕ್ತಿ ನಿಜವಾಗಿ ಏನನ್ನೋ ಕೇಳಿದಾಗ ಅದು ಹುಟ್ಟುತ್ತೆ. ಎಷ್ಟೇ ಸಣ್ಣ ಜೀವ ಎಷ್ಟೇ ಸಣ್ಣ ಬೇಡಿಕೆ ಇಟ್ರೂ, ಅದನ್ನ ಯಾಕೆ ಈಡೇರಿಸಬಾರದು ಅನ್ನೋದಕ್ಕೆ ಕಾರಣ ಕೊಡಬೇಕಾದವರು ನಾವು. ಆ ಕಾರಣ ಕೂಡ ಇನ್ನೊಂದು ಬೇಡಿಕೆಯೇ ಆಗಿರಬೇಕು, ಅಂದ್ರೆ ಇದನ್ನ ಕೊಟ್ರೆ ಇನ್ಯಾರಿಗೋ ಬೇಕಾಗಿದ್ದು ತಪ್ಪಿಹೋಗುತ್ತೆ ಅಂತ ತೋರಿಸಬೇಕು. ಅದಿಲ್ದೇ ಇದ್ರೆ ಕೇಳಿದ್ದನ್ನ ಕೊಡಲೇಬೇಕು.

ಇದು ಎಷ್ಟು ದೊಡ್ಡ ತಿರುವು ಅಂತ ಸ್ವಲ್ಪ ಯೋಚನೆ ಮಾಡಿ. ನಾವು ಸಾಮಾನ್ಯವಾಗಿ ಕೇಳಿದವನ ಕೈಲಿ ಕಾರಣ ಕೇಳ್ತೀವಿ. ನಿನಗ್ಯಾಕೆ ಬೇಕು, ನಿನಗೇನು ಅರ್ಹತೆ ಇದೆ, ನಿಮ್ಮಪ್ಪನ ಕಾಲದಲ್ಲಿ ಇತ್ತಾ, ಅಂತ. ಇಲ್ಲ ಅನ್ನೋನಿಗೆ ಯಾವ ಕಷ್ಟವೂ ಇಲ್ಲ, ಅವನು ಸುಮ್ನೆ ಕೂತಿರ್ತಾನೆ. ಜೇಮ್ಸ್ ಹೇಳೋ ಲೆಕ್ಕದಲ್ಲಿ ಇಲ್ಲ ಅನ್ನೋನೇ ಎದ್ದು ನಿಂತು ಉತ್ತರ ಕೊಡಬೇಕು.

ಸರಿ, ಆದ್ರೆ ಎಲ್ಲರ ಬೇಡಿಕೆಯನ್ನೂ ಈಡೇರಿಸೋಕೆ ಆಗಲ್ಲವಲ್ಲ. ಮನೇಲಿ ಇರೋದು ಒಂದಿಷ್ಟು ದುಡ್ಡು, ಮಗಳಿಗೆ ದೂರದ ಊರಿನ ಕಾಲೇಜಿಗೆ ಹೋಗಬೇಕು, ಅಜ್ಜಿಗೆ ಕಣ್ಣಿನ ಆಪರೇಷನ್ ಆಗಬೇಕು, ಅಪ್ಪನಿಗೆ ಸಾಲ ತೀರಿಸಿ ನಿದ್ದೆ ಮಾಡಬೇಕು. ಮೂರೂ ನಿಜವಾದ ಬೇಡಿಕೆ, ಮೂರೂ ಒಳ್ಳೇದು. ಜೇಮ್ಸ್‌ಗೆ ಇದು ಚೆನ್ನಾಗಿ ಗೊತ್ತಿತ್ತು, ಜಗತ್ತು ನಮ್ಮ ಆಸೆಗಳಿಗಿಂತ ಚಿಕ್ಕದು, ಒಂದು ಒಳ್ಳೇದನ್ನ ಆರಿಸಿದ್ರೆ ಇನ್ನೊಂದು ಒಳ್ಳೇದನ್ನ ಕೊಂದ ಹಾಗೆ, ಅದೇ ನೈತಿಕ ಬದುಕಿನ ದುರಂತ ಅಂತಾನೆ. ಹಾಗಾಗಿ ಅವನ ಸೂತ್ರ ಹೆಚ್ಚುಕಮ್ಮಿ ಹೀಗೆ: ಆದಷ್ಟು ಹೆಚ್ಚು ಬೇಡಿಕೆಗಳು ಈಡೇರೋ, ಆದಷ್ಟು ಕಮ್ಮಿ ಬೇಡಿಕೆಗಳು ಸಾಯೋ ಏರ್ಪಾಡನ್ನ ಹುಡುಕಿ. ಎಲ್ಲರನ್ನೂ ಒಳಗೊಳ್ಳೋ ದಾರಿ ಗೆಲ್ಲಲಿ, ಸೋತ ಪಕ್ಷದವರ ಆಸೆಗಳಿಗೂ ಸ್ವಲ್ಪ ಜಾಗ ಉಳಿಸೋ ಥರದಲ್ಲಿ ಗೆಲ್ಲಲಿ.

ಇಲ್ಲಿ ಕೆಲವರು ಓ, ಇದು ಯುಟಿಲಿಟೇರಿಯನಿಸಂ, ಅತಿ ಹೆಚ್ಚು ಜನಕ್ಕೆ ಅತಿ ಹೆಚ್ಚು ಸುಖ, ಇಂಗ್ಲೆಂಡಿನ ತತ್ವಜ್ಞಾನಿಗಳು ಬೆಂಥಮ್ ಮತ್ತು ಮಿಲ್ ಹೇಳಿದ್ದೇ ತಾನೆ ಅಂತಾರೆ. ಹತ್ತಿರ ಇದೆ, ಆದ್ರೆ ಅದಲ್ಲ. ಅದೇ ಉಪನ್ಯಾಸದಲ್ಲಿ ಜೇಮ್ಸ್ ಒಂದು ಕಲ್ಪನೆ ಮುಂದಿಡ್ತಾನೆ. ಕೋಟ್ಯಂತರ ಜನ ಶಾಶ್ವತವಾಗಿ ಸುಖವಾಗಿರಬಹುದು, ಒಂದೇ ಷರತ್ತು, ಎಲ್ಲೋ ದೂರದ ಅಂಚಲ್ಲಿ ಒಂದು ಆತ್ಮ ಒಂಟಿಯಾಗಿ ಚಿತ್ರಹಿಂಸೆ ಅನುಭವಿಸ್ತಾ ಇರಬೇಕು. ಒಪ್ಕೋತೀರಾ? ಲೆಕ್ಕ ಹಾಕಿದ್ರೆ ಲಾಭವೇ ಲಾಭ. ಆದ್ರೂ ನಮ್ಮೊಳಗೆ ಏನೋ ಹಿಂಜರಿಯುತ್ತೆ, ಅಂಥ ಸುಖವನ್ನ ತಿಳಿದೂ ತಿಳಿದೂ ಅನುಭವಿಸೋದು ಹೇಸಿಗೆ ಅನ್ಸುತ್ತೆ. ಆ ಹೇಸಿಗೆ ಎಲ್ಲಿಂದ ಬಂತು? ಸುಖದುಃಖದ ಲೆಕ್ಕಾಚಾರದಿಂದಂತೂ ಬಂದಿದ್ದಲ್ಲ. ಜೇಮ್ಸ್ ಮನಃಶಾಸ್ತ್ರಜ್ಞ ಆಗಿದ್ದಕ್ಕೆ ಇಲ್ಲಿ ಅವನ ಕಿವಿ ಚುರುಕಾಗುತ್ತೆ. ನಮ್ಮ ಎಷ್ಟೋ ನೈತಿಕ ಭಾವನೆಗಳು ಅಭ್ಯಾಸದಿಂದ, ಶಿಕ್ಷೆಯ ಭಯದಿಂದ, ಪ್ರಯೋಜನದ ನೆನಪಿಂದ ಬಂದಿರಬಹುದು, ಅದನ್ನ ಅವನು ಒಪ್ತಾನೆ, ಆದ್ರೆ ಎಲ್ಲವೂ ಹಾಗಲ್ಲ, ಕೆಲವು ನೇರವಾಗಿ ಮನಸ್ಸಿನ ರಚನೆಯಿಂದಲೇ ಮೇಲೆದ್ದು ಬರ್ತಾವೆ, ಇರೋ ವ್ಯವಸ್ಥೆಯನ್ನ ಮೀರಿ ಮುಂದಕ್ಕೆ ನೋಡ್ತಾವೆ. ಸಂಗೀತಕ್ಕೆ ಮನಸೋಲೋದು ಹೇಗೆ ಯಾವ ಉಪಯೋಗಕ್ಕೂ ಹುಟ್ಟಿದ್ದಲ್ವೋ ಹಾಗೆ.

ಹಾಗಾದ್ರೆ ನಾವು ಕಟ್ಟಿದ ಏರ್ಪಾಡು ಸರಿ ಇದೆಯಾ ಅಂತ ತಿಳಿಯೋದು ಹೇಗೆ? ಗಾಯಗೊಂಡವರ ಕೂಗು ಕೇಳಿ ಅಂತಾನೆ. ಇದು ಅವನದ್ದೇ ಮಾತು, ಇಡೀ ಉಪನ್ಯಾಸದಲ್ಲಿ ನನಗೆ ಅತಿ ಮುಖ್ಯ ಅನ್ಸೋ ಮಾತು. ಹಳೇ ಸಮಾಜಗಳೆಲ್ಲ ತಮ್ಮ ಕಾಲಕ್ಕೆ ಒಂದು ಸಮತೋಲನ ಕಂಡ್ಕೊಂಡಿದ್ವು. ಗುಲಾಮಗಿರಿ, ಬಹುಪತ್ನಿತ್ವ, ನ್ಯಾಯದ ಹೆಸರಲ್ಲಿ ಚಿತ್ರಹಿಂಸೆ, ರಾಜನ ಮನಸ್ಸಿಗೆ ಬಂದಂಥ ಅಧಿಕಾರ, ಇವೆಲ್ಲ ಒಂದೊಂದಾಗಿ ಬಿದ್ದಿದ್ದು ಯಾರೋ ತತ್ವಜ್ಞಾನಿ ಕುರ್ಚಿಯಲ್ಲಿ ಕೂತು ತಪ್ಪು ಅಂತ ಸಾಧಿಸಿದ್ದಕ್ಕಲ್ಲ, ಅದರಡಿ ಸಿಕ್ಕಿ ನಲುಗಿದವರು ದೂರು ಎತ್ತಿದ್ದಕ್ಕೆ. ಇವತ್ತು ನಾವು ಸರಿ ಅಂದ್ಕೊಂಡಿರೋ ಎಷ್ಟೋ ವಿಷಯಗಳ ಅಡಿಯಲ್ಲೂ ಯಾರೋ ಸಿಕ್ಕಿಹಾಕ್ಕೊಂಡಿರ್ತಾರೆ, ಅವರ ದನಿ ನಾಳೆ ಬರುತ್ತೆ. ಅದಕ್ಕೇ ಅವನ ಪ್ರಕಾರ ನೀತಿಯಲ್ಲಿ ಕೊನೇ ಸತ್ಯ ಅಂತ ಇಲ್ಲ, ಕಟ್ಟಕಡೆಯ ಮನುಷ್ಯ ತನ್ನ ಅನುಭವ ಪಡೆದು ತನ್ನ ಮಾತು ಹೇಳಿ ಮುಗಿಸೋ ತನಕ ಇಲ್ಲ. ಫಿಸಿಕ್ಸಲ್ಲಿ ಹೇಗೆ ಮುಂದಿನ ಪ್ರಯೋಗ ಬಂದು ಹಳೇದನ್ನ ತಿದ್ದುತ್ತೋ ಇಲ್ಲೂ ಹಾಗೆ.

ಇದಕ್ಕೊಂದು ಗಟ್ಟಿಯಾದ ಆಕ್ಷೇಪಣೆ ಇದೆ, ಅದನ್ನ ಹಾರಿಸಿಕೊಂಡು ಹೋಗೋಕೆ ಆಗಲ್ಲ. ಕೇಳಿದ್ರೆ ಮಾತ್ರ ಕರ್ತವ್ಯ ಹುಟ್ಟೋದಾದ್ರೆ, ಕೇಳೋದನ್ನೇ ಮರೆತವರ ಗತಿ ಏನು? ತಲೆತಲಾಂತರದಿಂದ ನಿನಗಿಷ್ಟೇ ಅಂತ ಹೇಳಿಸಿಕೊಂಡು ಬಂದ ಹೆಂಗಸು ನಂಗೇನೂ ಬೇಡ, ಚೆನ್ನಾಗೇ ಇದೀನಿ ಅಂದ್ರೆ ಅಲ್ಲಿಗೆ ಮುಗೀತಾ? ಅಮರ್ತ್ಯ ಸೇನ್ ಎಷ್ಟೋ ಕಾಲದ ನಂತರ ಇದನ್ನೇ ಬೇರೆ ದಿಕ್ಕಿಂದ ಹೇಳಿದ್ರು, ಬಡತನದಲ್ಲಿ, ದಬ್ಬಾಳಿಕೆಯಲ್ಲಿ ಬದುಕಿದವರು ತಮ್ಮ ಆಸೆಗಳನ್ನೇ ಪರಿಸ್ಥಿತಿಗೆ ತಕ್ಕಂತೆ ಕುಗ್ಗಿಸಿಕೊಳ್ತಾರೆ, ಹಾಗಾಗಿ ಅವರ ತೃಪ್ತಿಯನ್ನ ಅಳತೆಗೋಲು ಮಾಡ್ಕೊಂಡ್ರೆ ಮೋಸ ಹೋಗ್ತೀವಿ ಅಂತ. ಯೇಲ್ ಉಪನ್ಯಾಸದಲ್ಲಿ ಇದಕ್ಕೆ ನೇರ ಉತ್ತರ ಸಿಗಲ್ಲ. ಉತ್ತರದ ಒಂದು ಭಾಗ ಸಿಗೋದು ಇನ್ನೊಂದು ಕಡೆ, ಮನುಷ್ಯರಲ್ಲಿರೋ ಒಂದು ಬಗೆಯ ಕುರುಡುತನದ ಬಗ್ಗೆ ಅವನು ಮಾತಾಡಿದ್ದರಲ್ಲಿ. ಅದು ಟೀಚರ್‌ಗಳಿಗೆ ಕೊಟ್ಟ ಭಾಷಣಗಳ ಜೊತೆ 1899ರಲ್ಲಿ ಪ್ರಕಟ ಆಯ್ತು.

ಅದರಲ್ಲಿ ಒಂದು ಘಟನೆ ಹೇಳ್ತಾನೆ. ನಾರ್ತ್ ಕ್ಯಾರೊಲಿನಾದ ಬೆಟ್ಟಗಳಲ್ಲಿ ಪ್ರಯಾಣ ಮಾಡ್ತಿದ್ದಾಗ ಅಲ್ಲಲ್ಲಿ ಕಾಡು ಕಡಿದು ಮಾಡಿದ ಹೊಲಗಳು ಕಣ್ಣಿಗೆ ಬಿದ್ವು. ಅರ್ಧ ಸುಟ್ಟ ಮರದ ಬೊಡ್ಡೆಗಳು, ಅಂಕುಡೊಂಕು ಬೇಲಿ, ನಡುವೆ ಒಂದು ಮರದ ಗುಡಿಸಲು, ಬೊಡ್ಡೆಗಳ ಸಂದಿಯಲ್ಲಿ ಮೆಕ್ಕೆಜೋಳ. ಜೇಮ್ಸ್‌ಗೆ ಅದು ವಿಕಾರವಾಗಿ ಕಂಡಿತು, ಎಂಥ ಚೆಂದದ ಕಾಡನ್ನ ಹಾಳು ಮಾಡಿದ್ದಾರೆ, ಎಂಥ ದರಿದ್ರ ಬದುಕು ಅಂತ. ಗಾಡಿ ಹೊಡೀತಿದ್ದವನನ್ನ ಕೇಳ್ತಾನೆ, ಇಂಥ ಹೊಲ ಮಾಡೋರು ಯಾರಪ್ಪ ಅಂತ. ನಾವೆಲ್ಲರೂ, ಇಂಥದ್ದೊಂದು ಕಣಿವೆಯನ್ನ ಸಾಗುವಳಿಗೆ ತರ್ತಾ ಇಲ್ದೇ ಇದ್ರೆ ನಮಗೆ ಖುಷಿಯೇ ಇಲ್ಲ ಅಂತ ಅವನು ಉತ್ತರ ಕೊಡ್ತಾನೆ. ಜೇಮ್ಸ್‌ಗೆ ಅಲ್ಲೇ ಹೊಳೀತು. ತನಗೆ ಬರೀ ಹಾಳಾಗಿ ಕಂಡ ಜಾಗ ಅವರಿಗೆ ಬೆವರಿನ, ಹಠದ, ಗೆಲುವಿನ ಕಥೆ, ಹೆಂಡ್ತಿ ಮಕ್ಕಳಿಗೆ ನೆಲೆ. ಅವರ ಬದುಕಿನ ಒಳಗಿನ ರುಚಿ ತನಗೆ ಗೊತ್ತೇ ಇರಲಿಲ್ಲ, ತಾನು ಪಾಠ ಹೇಳ್ತಿದ್ದ ಹಾರ್ವರ್ಡ್ ಯೂನಿವರ್ಸಿಟಿ ಇರೋ ಅಮೆರಿಕದ ಕೇಂಬ್ರಿಜ್‌ನಲ್ಲಿ ತಾನು ಬದುಕೋ ರೀತಿಯನ್ನ ಅವರು ನೋಡಿದ್ರೆ ಅವರಿಗೂ ಅದರ ರುಚಿ ಗೊತ್ತಾಗ್ತಿರಲಿಲ್ಲ.

ಬೇಡಿಕೆ ಅಂದ್ರೆ ಬಾಯಿಬಿಟ್ಟು ಕೇಳೋದು ಮಾತ್ರ ಅಲ್ಲ ಅಂತ ಇಲ್ಲಿ ಅರ್ಥ ಆಗುತ್ತೆ. ಇನ್ನೊಬ್ಬರ ಬದುಕು ಒಳಗಿಂದ ಹೇಗಿದೆ ಅನ್ನೋದು ನಮಗೆ ಹೊರಗಿಂದ ಕಾಣಲ್ಲ, ಕಾಣದೇ ಇರೋದು ನಮ್ಮ ಕೆಟ್ಟತನ ಅಲ್ಲ, ನಾವು ನಮ್ಮ ನಮ್ಮ ಕೆಲಸದಲ್ಲಿ ಮುಳುಗಿರೋ ಪ್ರಾಣಿಗಳು, ಅದಕ್ಕೇ ಕಾಣಲ್ಲ. ಆದ್ರೆ ಕಾಣ್ತಿಲ್ಲ ಅನ್ನೋದು ಗೊತ್ತಾದ ಮೇಲೂ ಅವರ ಬದುಕಿನ ಬಗ್ಗೆ ತೀರ್ಪು ಕೊಡೋದು ತಪ್ಪು. ಬೇರೆಯವರು ತಮ್ಮದೇ ರೀತಿಯಲ್ಲಿ ಸುಖವಾಗಿದ್ರೆ ಅದು ಅರ್ಥವಿಲ್ಲದ್ದು ಅಂತ ಹೇಳೋಕೆ ನಮಗೆ ಹಕ್ಕಿಲ್ಲ. ಅರಿಸ್ಟಾಟಲ್‌ಗಿಂತ ಜೇಮ್ಸ್ ಬೇರೆ ಆಗೋದು ಇಲ್ಲೇ. ಅರಿಸ್ಟಾಟಲ್ ಪ್ರಕಾರ ಮನುಷ್ಯ ಅನ್ನೋ ಪ್ರಾಣಿಗೆ ಒಂದು ಸ್ವಭಾವ ಇದೆ, ಅದಕ್ಕೆ ತಕ್ಕ ಕೆಲಸ ಇದೆ, ವಿವೇಕದಿಂದ ಅದನ್ನ ಚೆನ್ನಾಗಿ ಮಾಡೋದೇ ತುಂಬಿದ ಬದುಕು. ಜೇಮ್ಸ್ ಅಂಥ ಒಂದೇ ಅಚ್ಚನ್ನ ಒಪ್ಪಲ್ಲ. ಬದುಕು ಅರಳೋ ರೀತಿ ಎಷ್ಟು ಜನರಿದ್ದಾರೋ ಅಷ್ಟು.

ಅಷ್ಟಕ್ಕೇ ಬಿಟ್ಟಿದ್ರೆ ಯಾರು ಹೇಗೆ ಬದುಕಿದ್ರೂ ಸರಿ ಅನ್ನೋ ಹಂತಕ್ಕೆ ಬಂದುಬಿಡ್ತಿತ್ತು. ಅವನು ಬಿಡಲಿಲ್ಲ. ಜೀವನಕ್ಕೆ ಅರ್ಥ ತರೋದು ಏನು ಅನ್ನೋ ಇನ್ನೊಂದು ಭಾಷಣದಲ್ಲಿ ಇದನ್ನ ಹಿಡ್ಕೊಂಡು ಒದ್ದಾಡ್ತಾನೆ, ಆ ಒದ್ದಾಟ ಓದೋಕೇ ಚೆಂದ, ಯಾಕಂದ್ರೆ ನಮ್ಮ ಕಣ್ಣೆದುರೇ ಮೂರು ಸಲ ಅಭಿಪ್ರಾಯ ಬದಲಾಯಿಸ್ತಾನೆ. ನ್ಯೂಯಾರ್ಕ್ ರಾಜ್ಯದಲ್ಲಿ ಷಟಾಕ್ವಾ ಅಂತ ಒಂದು ಸರೋವರ, ಅದರ ದಂಡೆ ಮೇಲೆ ಬೇಸಿಗೆ ಶಿಬಿರದ ಊರು. ಒಂದು ದಿನಕ್ಕೆ ಅಂತ ಹೋದವನು ಒಂದು ವಾರ ಉಳೀತಾನೆ. ಅಲ್ಲಿ ಎಲ್ಲ ಇದೆ: ಏಳ್ನೂರು ಜನರ ಗಾಯನ ಮೇಳ, ಬಯಲು ಸಭಾಂಗಣ, ದೋಣಿ, ಸೈಕಲ್, ಜಿಮ್, ಮಾದರಿ ಶಾಲೆಗಳು, ದಿನಾ ಒಳ್ಳೊಳ್ಳೆ ಉಪನ್ಯಾಸ. ಬಡತನ ಇಲ್ಲ, ಕುಡಿತ ಇಲ್ಲ, ಅಪರಾಧ ಇಲ್ಲ, ಪೊಲೀಸರೇ ಬೇಕಿಲ್ಲ. ಮನುಷ್ಯ ಕುಲ ಶತಮಾನಗಳಿಂದ ಯಾವುದಕ್ಕಾಗಿ ಹೋರಾಡ್ತಿದೆಯೋ ಅದರ ಸಣ್ಣ ಮಾದರಿ. ವಾರ ಮುಗಿದು ಹೊರಗೆ ಬಂದ ತಕ್ಷಣ ಅವನಿಗೆ ಆಗಿದ್ದು ದೊಡ್ಡ ನಿಟ್ಟುಸಿರು, ಅಬ್ಬಾ, ಸದ್ಯ, ಯಾವುದಾದ್ರೂ ಕಾಡು, ಒರಟು, ಅಪಾಯದ್ದು ಏನಾದ್ರೂ ಕಾಣಲಿ ಅನ್ನೋ ಹಸಿವು.

ಯಾಕೆ ಹಾಗಾಯ್ತು ಅಂತ ತನ್ನನ್ನೇ ಕೇಳ್ಕೋತಾನೆ. ಅಲ್ಲಿ ಇಲ್ದೇ ಇದ್ದಿದ್ದು ಏನು? ಸೆಣಸಾಟ. ಸೋಲೋ ಸಾಧ್ಯತೆ. ಒಳ್ಳೇದು ಕೆಟ್ಟದ್ದರ ಜೊತೆ ಹೊಡೆದಾಡಿ ಏದುಸಿರು ಬಿಡೋದು. ಹಾಗಾದ್ರೆ ಜಗತ್ತೆಲ್ಲ ಷಟಾಕ್ವಾ ಆಗ್ತಾ ಹೋದ್ರೆ ವೀರತನ ಸತ್ತೇ ಹೋಗುತ್ತಾ ಅಂತ ಕೊರಗ್ತಾ ಬಫಲೋ ಕಡೆ ಟ್ರೇನಲ್ಲಿ ಹೋಗ್ತಿರುವಾಗ, ಆಕಾಶದೆತ್ತರದ ಕಬ್ಬಿಣದ ಕಟ್ಟಡದ ತುದಿಯಲ್ಲಿ ಕೆಲಸ ಮಾಡ್ತಿದ್ದ ಒಬ್ಬ ಕೂಲಿಯವನು ಕಣ್ಣಿಗೆ ಬೀಳ್ತಾನೆ. ಅರೆ, ನಾನು ಎಂಥ ಕುರುಡ, ವೀರತನ ಎಲ್ಲೂ ಹೋಗಿಲ್ಲ, ದಿನಾ ಗಣಿಯಲ್ಲಿ, ರೈಲ್ವೆಯಲ್ಲಿ, ದೋಣಿಯಲ್ಲಿ, ಕಟ್ಟಡದ ಮೇಲೆ ಜೀವ ಪಣಕ್ಕಿಟ್ಟು ದುಡಿಯೋರ ಕೈಯಲ್ಲಿದೆ ಅಂತ ಹಿಗ್ಗಿಹೋಗ್ತಾನೆ. ಟಾಲ್‌ಸ್ಟಾಯ್ ಹೇಳಿದ್ದೂ ಇದೇ ಅಲ್ವಾ, ರೈತನ ಬದುಕೇ ನಿಜವಾದ ಬದುಕು ಅಂತ.

ಮತ್ತೆ ಅಲ್ಲೂ ನಿಲ್ಲಲ್ಲ. ದುಡಿಮೆ, ತಾಳ್ಮೆ, ಧೈರ್ಯ ಇಷ್ಟೇ ಸಾಕಾ? ಹೊಟ್ಟೆಪಾಡಿಗೆ ಬೇರೆ ದಾರಿ ಇಲ್ದೇ ಮೈ ಮುರಿದು ದುಡಿಯೋನ ಬದುಕನ್ನ ಹೊರಗಿಂದ ಹೊಗಳೋದು ಸುಲಭ. ಅವನೊಳಗೆ ತನ್ನದೇ ಆದ ಒಂದು ಆದರ್ಶ, ಇದಕ್ಕಾಗಿ ನಾನು ಇದನ್ನ ತಡ್ಕೋತೀನಿ ಅನ್ನೋ ಒಂದು ಗುರಿ ಇದ್ರೆ ಮಾತ್ರ ಆ ಕಷ್ಟಕ್ಕೆ ಅರ್ಥ. ಅದೇ ಥರ ಬರೀ ಆದರ್ಶ ಇಟ್ಕೊಂಡು ಕೂತವನ ಬದುಕೂ ಟೊಳ್ಳು, ಪ್ರೊಫೆಸರ್‌ಗಳ ಹತ್ರ ಆದರ್ಶ ರಾಶಿ ಇರುತ್ತೆ, ಅದಕ್ಕಾಗಿ ಏನನ್ನೂ ಕಳ್ಕೊಳ್ಳೋಕೆ ತಯಾರಿಲ್ದಿದ್ರೆ ಆದರ್ಶ ಹೆಚ್ಚಾದಷ್ಟೂ ಅವನು ಇನ್ನಷ್ಟು ಸಣ್ಣವನಾಗ್ತಾನೆ. ಎರಡೂ ಕೂಡಬೇಕು, ತನ್ನದೇ ಆದ ಆದರ್ಶ ಮತ್ತು ಅದಕ್ಕಾಗಿ ಪಡೋ ಪಾಡು. ಆ ಆದರ್ಶ ದೊಡ್ಡದಿರಬೇಕು ಅಂತೇನಿಲ್ಲ. ಮಗಳು ಓದಲಿ ಅನ್ನೋದೂ ಆದರ್ಶ, ಕುಡಿತ ಬಿಡಬೇಕು ಅನ್ನೋದೂ ಆದರ್ಶ.

ಪಡೋ ಪಾಡು ಅಂದ್ರೆ ಏನು ಅಂತ ಜೇಮ್ಸ್‌ಗೆ ಪುಸ್ತಕದಿಂದ ಗೊತ್ತಾಗಿದ್ದಲ್ಲ. 1842ರಲ್ಲಿ ನ್ಯೂಯಾರ್ಕ್‌ನಲ್ಲಿ ಅನುಕೂಲಸ್ಥರ ಮನೇಲಿ ಹುಟ್ಟಿದ, ಕಾದಂಬರಿಕಾರ ಹೆನ್ರಿ ಜೇಮ್ಸ್ ಅವನ ತಮ್ಮ. ಪೇಂಟಿಂಗ್ ಕಲಿತು ಬಿಟ್ಟ, ಕೆಮಿಸ್ಟ್ರಿ ಓದಿ ಬಿಟ್ಟ, 1865ರಲ್ಲಿ ಪ್ರಾಣಿಶಾಸ್ತ್ರಜ್ಞ ಲೂಯಿ ಅಗಾಸಿಜ್ ಜೊತೆ ಅಮೆಜಾನ್‌ಗೆ ಹೋಗಿ ಕಾಯಿಲೆ ಬಿದ್ದ, 1869ರಲ್ಲಿ ಮೆಡಿಕಲ್ ಡಿಗ್ರಿ ತಗೊಂಡ್ರೂ ವೈದ್ಯ ಆಗಲಿಲ್ಲ. ಬೆನ್ನು ನೋವು, ಕಣ್ಣಿನ ತೊಂದರೆ, ಅದರ ಮೇಲೆ ಭಾರೀ ಖಿನ್ನತೆ, ಸಾಯೋ ಯೋಚನೆಗಳು. ಮನುಷ್ಯ ಬರೀ ನರಗಳ ಯಂತ್ರ, ಎಲ್ಲ ಮೊದಲೇ ನಿರ್ಧಾರ ಆಗಿದೆ ಅನ್ನೋ ಆ ಕಾಲದ ವಿಜ್ಞಾನ ಅವನನ್ನ ಇನ್ನಷ್ಟು ಕೆಳಗೆ ಒತ್ತಿತ್ತು. 1870ರ ಏಪ್ರಿಲ್ 30ಕ್ಕೆ ಡೈರಿಯಲ್ಲಿ ಬರ್ಕೋತಾನೆ, ಫ್ರೆಂಚ್ ತತ್ವಜ್ಞಾನಿ ರೆನೊವಿಯೆಯ ಎರಡನೇ ಪ್ರಬಂಧದ ಮೊದಲ ಭಾಗ ಓದಿ ಮುಗಿಸಿದೆ ಅಂತ. ಬೇರೆ ಯೋಚನೆಗಳು ಬರೋಕೆ ಸಾಧ್ಯ ಇದ್ರೂ ನಾನೇ ಆರಿಸಿಕೊಂಡು ಒಂದು ಯೋಚನೆಯನ್ನ ಹಿಡಿದಿಟ್ಕೊಳ್ಳೋದು, ಅದೇ ಸ್ವತಂತ್ರ ಇಚ್ಛೆ ಅನ್ನೋದು ರೆನೊವಿಯೆಯ ವ್ಯಾಖ್ಯಾನ. ಇದು ಭ್ರಮೆ ಅಂತ ಯಾಕೆ ಅಂದ್ಕೋಬೇಕು, ನನ್ನ ಸ್ವತಂತ್ರ ಇಚ್ಛೆಯ ಮೊದಲ ಕೆಲಸ ಅಂದ್ರೆ ಸ್ವತಂತ್ರ ಇಚ್ಛೆ ಇದೆ ಅಂತ ನಂಬೋದೇ ಆಗಿರಲಿ ಅಂತ ತೀರ್ಮಾನ ಮಾಡ್ತಾನೆ. ಒಂದೇ ದಿನಕ್ಕೆ ಗುಣ ಆಗಲಿಲ್ಲ, ವರ್ಷಗಟ್ಟಲೆ ಕತ್ತಲು ಬಂದು ಹೋಗ್ತಾನೇ ಇತ್ತು. ಆದ್ರೆ ಇಪ್ಪತ್ತು ವರ್ಷ ಆದಮೇಲೆ ಸೈಕಾಲಜಿ ಪುಸ್ತಕದಲ್ಲಿ ಅದೇ ಮಾತು ಸಿದ್ಧಾಂತವಾಗಿ ಬರುತ್ತೆ: ಇಚ್ಛಾಶಕ್ತಿ ಅಂದ್ರೆ ಮೂಲದಲ್ಲಿ ಗಮನವನ್ನ ಕಷ್ಟಪಟ್ಟು ಒಂದು ಕಡೆ ನಿಲ್ಲಿಸೋದು.

ಹ್ಯಾಬಿಟ್ ಬಗ್ಗೆ ಅವನು ಬರೆದ ಪ್ರಸಿದ್ಧ ಅಧ್ಯಾಯವನ್ನ ಈ ಬೆಳಕಲ್ಲಿ ಓದಬೇಕು. ಹೊಸ ಅಭ್ಯಾಸ ಶುರು ಮಾಡುವಾಗ ಗಟ್ಟಿಯಾಗಿ ಶುರು ಮಾಡಿ, ಬೇರೂರೋ ತನಕ ಒಂದು ಸಲವೂ ತಪ್ಪಿಸಬೇಡಿ, ಸಂಕಲ್ಪ ಮಾಡಿದ ತಕ್ಷಣ ಕೆಲಸಕ್ಕಿಳೀರಿ, ದಿನಾ ಯಾವುದಾದ್ರೂ ಒಂದು ಸಣ್ಣ ಕೆಲಸವನ್ನ ಕಷ್ಟ ಅನ್ನೋ ಕಾರಣಕ್ಕೇ ಮಾಡಿ. ಇದನ್ನೆಲ್ಲ ಇವತ್ತು ರೀಲ್ಸಲ್ಲಿ ಪ್ರೊಡಕ್ಟಿವಿಟಿಗೆ ಅಂತ ಹೇಳ್ತಾರೆ. ಮುಳುಗ್ತಾ ಇದ್ದ ಮನುಷ್ಯನೊಬ್ಬ ಕೈಗೆ ಸಿಕ್ಕಿದ್ದನ್ನ ಹಿಡಿದು ದಡ ಸೇರಿದ ಮೇಲೆ ಬರೆದ ಟಿಪ್ಪಣಿ ಅಂತ ನನಗೆ ಕಾಣುತ್ತೆ ಅದು. ಅಭ್ಯಾಸ ಇರೋದು ದಿನನಿತ್ಯದ ಕೆಲಸಗಳನ್ನ ತಾನೇ ನೋಡ್ಕೊಂಡು ಮನಸ್ಸನ್ನ ದೊಡ್ಡದಕ್ಕೆ ಬಿಡುವು ಮಾಡಿಕೊಡೋಕೆ, ಹೆಚ್ಚು ಕೆಲಸ ಮುಗಿಸೋಕೆ ಅಲ್ಲ.

ಪಾಸಿಟಿವ್ ಥಿಂಕಿಂಗ್ ಬಗ್ಗೆ ಅಂತೂ ಅವನ ನಿಲುವು ತುಂಬ ಸ್ಪಷ್ಟ, ಅದನ್ನ ಯಾರೂ ಹೇಳಲ್ಲ. 1901 ಮತ್ತು 1902ರಲ್ಲಿ ಕೊಟ್ಟ ಗಿಫರ್ಡ್ ಉಪನ್ಯಾಸಗಳಲ್ಲಿ ಎರಡು ಥರದ ಮನಸ್ಸುಗಳನ್ನ ಅವನು ಪಕ್ಕಪಕ್ಕದಲ್ಲಿಟ್ಟು ನೋಡ್ತಾನೆ. ಒಂದು ಆರೋಗ್ಯವಂತ ಮನಸ್ಸು, ಹುಟ್ಟಿನಿಂದಲೇ ಬೆಳಕಿನ ಕಡೆ ತಿರುಗಿರುತ್ತೆ, ಕೆಟ್ಟದ್ದನ್ನ ನೋಡೋದೇ ಇಲ್ಲ. ಇನ್ನೊಂದು ನೊಂದ ಆತ್ಮ, ಅದಕ್ಕೆ ಎಲ್ಲ ಖುಷಿಯ ಹಿಂದೆ ನಷ್ಟ ಕಾಣುತ್ತೆ. ಮೊದಲನೆಯದು ಕೆಲಸ ಮಾಡೋ ತನಕ ಚೆನ್ನಾಗೇ ಇರುತ್ತೆ, ಅದರ ಬಗ್ಗೆ ಅವನಿಗೆ ಗೌರವವೂ ಇದೆ, ಆದ್ರೆ ಎರಡನೆಯದೇ ಹೆಚ್ಚು ಪೂರ್ತಿಯಾಗಿ ನೋಡುತ್ತೆ ಅಂತಾನೆ, ಯಾಕಂದ್ರೆ ಮೊದಲನೆಯದು ನೋಡೋಕೆ ಒಲ್ಲೆ ಅಂದ ಕೆಡುಕು ನಿಜಕ್ಕೂ ಜಗತ್ತಲ್ಲಿ ಇದೆ. ಅದೇ ಉಪನ್ಯಾಸದಲ್ಲಿ ಒಬ್ಬ ಫ್ರೆಂಚ್ ವ್ಯಕ್ತಿ ಬರೆದ ಪತ್ರ ಅಂತ ಒಂದನ್ನ ಓದ್ತಾನೆ, ಮುಸ್ಸಂಜೆ ಹೊತ್ತಲ್ಲಿ ಇದ್ದಕ್ಕಿದ್ದಂತೆ ಭಯ ಮುತ್ತಿಕೊಂಡು, ಆಸ್ಪತ್ರೆಯಲ್ಲಿ ನೋಡಿದ್ದ ಮೂರ್ಛೆರೋಗಿ ಹುಡುಗನ ರೂಪ ಕಣ್ಣೆದುರು ಬಂದು, ನಾಳೆ ನಾನೂ ಹೀಗೇ ಆಗಬಹುದು ಅಂತ ನಡುಗಿದ್ದರ ವಿವರ. ಆ ಪತ್ರ ಬರೆದವನು ಜೇಮ್ಸೇ ಅಂತ ಆಮೇಲೆ ಗೊತ್ತಾಯ್ತು. ಇಂಥವನನ್ನ ನಗ್ತಾ ಇರಿ ಎಲ್ಲ ಸರಿಹೋಗುತ್ತೆ ಅನ್ನೋ ವಿಚಾರದ ತಾತ ಅಂತ ಕರೆಯೋದು ಅನ್ಯಾಯ.

ಈ ಕಥೇಲಿ ನಮ್ಮವರೂ ಒಬ್ರು ಬರ್ತಾರೆ. ವಿವೇಕಾನಂದರು 1896ರ ಮಾರ್ಚ್‌ನಲ್ಲಿ ಹಾರ್ವರ್ಡ್‌ನ ತತ್ವಶಾಸ್ತ್ರ ವಿದ್ಯಾರ್ಥಿಗಳ ಮುಂದೆ ವೇದಾಂತದ ಬಗ್ಗೆ ಮಾತಾಡಿದ್ರು, ಜೇಮ್ಸ್‌ಗೂ ಅವರಿಗೂ ಪರಿಚಯ ಆಯ್ತು. ಧಾರ್ಮಿಕ ಅನುಭವದ ಉಪನ್ಯಾಸಗಳಲ್ಲಿ ಅವರ ಮಾತುಗಳನ್ನ ಉಲ್ಲೇಖ ಮಾಡ್ತಾನೆ, 1907ರ ಪ್ರಾಗ್ಮಾಟಿಸಂ ಪುಸ್ತಕದಲ್ಲೂ ವೇದಾಂತ ಪ್ರಚಾರಕರಲ್ಲೇ ಶ್ರೇಷ್ಠ ಅಂತ ಹೆಸರಿಸಿ ಉದ್ದಕ್ಕೆ ಉದ್ಧರಿಸ್ತಾನೆ. ಆದ್ರೆ ಅದ್ವೈತವನ್ನ ಒಪ್ಪಲ್ಲ. ಎಲ್ಲವೂ ಒಂದೇ, ಆ ಒಂದು ಆಗಲೇ ಪರಿಪೂರ್ಣ ಅಂದ್ರೆ ನಾವು ಕೆಡುಕಿನ ಜೊತೆ ಹೋರಾಡೋಕೆ ಏನು ಉಳೀತು? ಅಂಥ ನಂಬಿಕೆ ಸುಸ್ತಾದವರಿಗೆ ಒಂದು ನೈತಿಕ ರಜೆ ಕೊಡುತ್ತೆ, ಆ ರಜೆಯೂ ಆಗಾಗ ಬೇಕು, ಅದಕ್ಕಿಂತ ಹೆಚ್ಚು ಕೇಳಬೇಡಿ ಅಂತ ಅವನ ವಾದ. ವಿವೇಕಾನಂದರ ವಿಷಯದಲ್ಲಿ ಇದು ಸರಿಯಾದ ಅಳತೆ ಅಲ್ಲ ಅಂತ ನನ್ನ ಅಭಿಪ್ರಾಯ, ಅದ್ವೈತವನ್ನೇ ನಂಬಿ 1897ರಲ್ಲಿ ರಾಮಕೃಷ್ಣ ಮಿಷನ್ ಕಟ್ಟಿ ಸೇವೆಗೆ ಇಳಿದವರು ಅವರು, ರಜೆ ತಗೊಂಡವರಲ್ಲ. ಆದ್ರೆ ಜೇಮ್ಸ್‌ನ ಚಿತ್ರ ಮನಸ್ಸಲ್ಲಿ ಉಳಿಯುತ್ತೆ: ಸೃಷ್ಟಿಕರ್ತ ಸೃಷ್ಟಿಗೆ ಮೊದಲು ನಿಮ್ಮನ್ನ ಕರೆದು, ನಾನೊಂದು ಜಗತ್ತು ಮಾಡ್ತೀನಿ, ಅದು ಉದ್ಧಾರ ಆಗುತ್ತೆ ಅನ್ನೋ ಖಾತರಿ ಇಲ್ಲ, ಪ್ರತಿಯೊಬ್ರೂ ತಮ್ಮ ಕೈಲಾದ್ದು ಮಾಡಿದ್ರೆ ಆಗಬಹುದು, ಬರ್ತೀಯಾ ಅಂದ್ರೆ ನೀವು ಬರ್ತೀರಾ? ಅವನು ಬರ್ತೀನಿ ಅನ್ನೋನು.

ಅವನ ಮಾತು ಅವನ ನಡೆಗೆ ಎಷ್ಟು ಹೊಂದುತ್ತೆ? ಪೂರ್ತಿ ಹೊಂದಲ್ಲ, ಹೆಂಗಸರ ಬಗ್ಗೆ ಅವನ ಕಾಲದ ಎಷ್ಟೋ ನಂಬಿಕೆ ಅವನಲ್ಲೂ ಇತ್ತು. ಆದ್ರೂ 1890ರಲ್ಲಿ ಸೈಕಾಲಜಿ ಕಲಿಯೋಕೆ ಬಂದ ಮೇರಿ ವಿಟನ್ ಕಾಲ್ಕಿನ್ಸ್‌ರನ್ನ ಹಾರ್ವರ್ಡ್ ಅತಿಥಿಯಾಗಿ ಮಾತ್ರ ಒಳಗೆ ಬಿಟ್ಟಾಗ ಜೇಮ್ಸ್ ಆಕೆಗೆ ಪಾಠ ಹೇಳಿದ, ಮಿಕ್ಕ ವಿದ್ಯಾರ್ಥಿಗಳು ಕ್ಲಾಸ್ ಬಿಟ್ಟುಹೋಗಿ ಆಕೆ ಒಬ್ರೇ ಉಳಿದ್ರು, ಆಕೆ ಪರೀಕ್ಷೆಯಲ್ಲಿ ಅದ್ಭುತವಾಗಿ ಉತ್ತರ ಕೊಟ್ಟ ಮೇಲೂ ಯೂನಿವರ್ಸಿಟಿ ಹೆಂಗಸು ಅನ್ನೋ ಕಾರಣಕ್ಕೆ ಪಿಎಚ್‌ಡಿ ಕೊಡಲಿಲ್ಲ. 1905ರಲ್ಲಿ ಆಕೆ ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್‌ನ ಮೊದಲ ಮಹಿಳಾ ಅಧ್ಯಕ್ಷೆ ಆದ್ರು. ಅಮೆರಿಕ ಫಿಲಿಪೀನ್ಸನ್ನ ಹಿಡಿಯೋಕೆ ಹೊರಟಾಗ ಜೇಮ್ಸ್ ಸಾಮ್ರಾಜ್ಯಶಾಹಿ ವಿರೋಧಿ ಸಂಘಕ್ಕೆ ಸೇರಿ 1899ರಲ್ಲಿ ಬಾಸ್ಟನ್‌ನ ಪೇಪರ್‌ಗೆ ಪತ್ರದ ಮೇಲೆ ಪತ್ರ ಬರೆದ. ಆ ಯುದ್ಧದ ದೊಡ್ಡ ಬೆಂಬಲಿಗ ಥಿಯೊಡರ್ ರೂಸ್‌ವೆಲ್ಟ್ ಅವನ ಹಳೇ ವಿದ್ಯಾರ್ಥಿ, ಸೆಣಸಾಟದ ಬದುಕು ಅಂತ ಭಾಷಣ ಮಾಡಿ ಯುದ್ಧವನ್ನ ಹೊಗಳ್ತಿದ್ದ. ಸೆಣಸಾಟ ಜೇಮ್ಸ್‌ಗೂ ಪ್ರಿಯವೇ, ಆದ್ರೆ ಯಾವುದಕ್ಕಾಗಿ, ಯಾರ ಮೇಲೆ ಅನ್ನೋದನ್ನ ಕೇಳದ ಸೆಣಸಾಟ ಹದಿಹರೆಯದ ಹುಡುಗಾಟ ಅಂತ ತನ್ನ ಶಿಷ್ಯನ ಬಗ್ಗೆಯೇ ಬಹಿರಂಗವಾಗಿ ಬರೆದ. ಅಲ್ಲಿನ ಜನರಿಗೂ ಒಂದು ಒಳಬದುಕು ಇದೆ ಅನ್ನೋದು ಅಮೆರಿಕದವರಿಗೆ ಕಾಣ್ತಾನೇ ಇಲ್ಲ ಅನ್ನೋದು ಅವನ ಸಂಕಟ. ನಾರ್ತ್ ಕ್ಯಾರೊಲಿನಾ ಬೆಟ್ಟದಲ್ಲಿ ತನ್ನಲ್ಲೇ ಕಂಡ ಕುರುಡುತನ ಅದು, ಈ ಸಲ ಬಂದೂಕು ಹಿಡ್ಕೊಂಡಿತ್ತು.

ಕೇಳೋದನ್ನೇ ಮರೆತವರ ಪ್ರಶ್ನೆಗೆ ಉತ್ತರದ ಇನ್ನೊಂದು ಭಾಗ ಅವನ ಪುಸ್ತಕಗಳಲ್ಲಿ ಇಲ್ಲ, ಅವನ ಕ್ಲಾಸ್‌ರೂಮಿಂದ ಎದ್ದು ಹೋದವರ ಬದುಕಲ್ಲಿದೆ. ಹಾರ್ವರ್ಡ್‌ನಲ್ಲಿ 1888ರಿಂದ 1890ರವರೆಗೆ ಫಿಲಾಸಫಿ ಓದಿದ ಕಪ್ಪು ಯುವಕ ಡಬ್ಲ್ಯು. ಇ. ಬಿ. ಡು ಬೋಯ್ಸ್ ಜೇಮ್ಸ್‌ನ ಅಚ್ಚುಮೆಚ್ಚಿನ ಶಿಷ್ಯ, ಅವನ ಮನೆಗೂ ಹೋಗಿಬರ್ತಿದ್ದವರು. ಫಿಲಾಸಫಿ ಓದಿ ಹೊಟ್ಟೆ ಹೊರೆಯೋದು ಕಷ್ಟ ಕಣಪ್ಪ ಅಂತ ಅವರಿಗೆ ಬುದ್ಧಿ ಹೇಳಿದವನೂ ಜೇಮ್ಸೇ. ಡು ಬೋಯ್ಸ್ ಇತಿಹಾಸದ ಕಡೆ, ಸಮಾಜಶಾಸ್ತ್ರದ ಕಡೆ ತಿರುಗಿ, ಇಡೀ ಬದುಕು ಕಪ್ಪು ಜನರ ಬೇಡಿಕೆಯನ್ನ ಲೆಕ್ಕಪತ್ರ ಸಮೇತ ಅಮೆರಿಕದ ಮುಂದೆ ಇಡೋದಕ್ಕೇ ಕಳೆದ್ರು. ಇನ್ನೊಂದು ಕಡೆ ಜೇಮ್ಸ್‌ನ ಸೈಕಾಲಜಿ ಓದಿ ಬದಲಾದ ತತ್ವಜ್ಞಾನಿ ಜಾನ್ ಡ್ಯೂಯಿ ನ್ಯೂಯಾರ್ಕ್‌ನ ಕೊಲಂಬಿಯಾ ಯೂನಿವರ್ಸಿಟಿಗೆ ಬಂದ್ರು, 1913ರಲ್ಲಿ ಅಲ್ಲಿಗೆ ಓದೋಕೆ ಹೋದ ಭೀಮರಾವ್ ಅಂಬೇಡ್ಕರ್ ಡ್ಯೂಯಿ ಪಾಠ ಕೇಳಿದ್ರು, ಕೊನೆತನಕ ಅವರನ್ನ ಗುರು ಅಂತಲೇ ನೆನೆಸ್ಕೊಂಡ್ರು. ಜೇಮ್ಸ್ ಆಗಲೇ ತೀರಿಹೋಗಿದ್ದ, 1910ರ ಆಗಸ್ಟ್‌ನಲ್ಲಿ, ನ್ಯೂ ಹ್ಯಾಂಪ್‌ಷೈರ್‌ನ ತನ್ನ ಬೇಸಿಗೆ ಮನೆಯಲ್ಲಿ.

1946ರಲ್ಲಿ ಅಂಬೇಡ್ಕರ್ ಡು ಬೋಯ್ಸ್‌ಗೆ ಒಂದು ಪತ್ರ ಬರೆದ್ರು. ಅಮೆರಿಕದ ಕಪ್ಪು ಜನರು ವಿಶ್ವಸಂಸ್ಥೆಗೆ ಮನವಿ ಸಲ್ಲಿಸಿದ್ದಾರೆ ಅಂತ ಕೇಳಿದೆ, ಭಾರತದ ಅಸ್ಪೃಶ್ಯರೂ ಅದೇ ದಾರಿ ಹಿಡಿಯೋ ಯೋಚನೆಯಲ್ಲಿದ್ದಾರೆ, ಆ ಮನವಿಯ ಎರಡು ಮೂರು ಪ್ರತಿ ಕಳಿಸಿಕೊಡಿ ಅಂತ. ಕಳಿಸ್ತೀನಿ ಅಂತ ಡು ಬೋಯ್ಸ್ ಉತ್ತರ ಬರೆದ್ರು, ಭಾರತದ ಅಸ್ಪೃಶ್ಯರ ಜೊತೆ ನನ್ನ ಸಹಾನುಭೂತಿ ಪೂರ್ತಿ ಇದೆ, ನನ್ನಿಂದ ಆಗೋ ಸಹಾಯ ಮಾಡೋಕೆ ಸಂತೋಷ ಅಂತಲೂ ಸೇರಿಸಿದ್ರು.